ಮಾತಾಡಿದರೆ ಹೊತ್ತುವ ಆಂಟೆನಾ

ಮೀನುಬೋಟುಗಳು ತಂಗುವ ಗಂಗೊಳ್ಳಿ ದಕ್ಕೆಯ ಐಸ್ ಪ್ಲಾಂಟಿನ ಹಿಂಗೋಡೆಗೆ ಒರಗಿದ ಹಾಗೆ ಒಂದು ತಗಡಿನ ಅಂಗಡಿಯಿತ್ತು. ಅದಕ್ಕೆ ಬೋರ್ಡಿರಲಿಲ್ಲ. ಬೋರ್ಡು ನೋಡಿ ಒಳಗೆ ಬರುವ ಜನ ತನಗೆ ಬೇಡ ಎಂದು ಅದರ ಯಜಮಾನ ಅಣ್ಣಯ್ಯ ಮೊಗವೀರ ತೀರ್ಮಾನಿಸಿ ಬಹಳ ಕಾಲವಾಗಿತ್ತು. ಬೋರ್ಡಿಲ್ಲದಿದ್ದರೂ ಜನ ಬರುತ್ತಿದ್ದರು. ಬಂದವರನ್ನು ಅವನು ಕತ್ತೆತ್ತಿ ನೋಡುತ್ತಿರಲಿಲ್ಲ. ಕೆಟ್ಟ ವಯರ್‌ಲೆಸ್ ಸೆಟ್ಟನ್ನು ಮೇಜಿನ ಮೇಲಿಟ್ಟ ಕೂಡಲೇ ಮುಚ್ಚಳ ಬಿಚ್ಚಿ, ಒಳಗೆ ಇಣುಕಿ, ಮೂಗಿನಿಂದ ಒಂದು ‘ಹ್ಞುಂ’ ಬಿಡುತ್ತಿದ್ದ. ಆ ಒಂದು ಹ್ಞುಂನಲ್ಲಿ ಸೆಟ್ಟು ಮಾಡಿದವನು, ಮಾರಿದವನು, ಕೊಂಡವನು, ಉಪ್ಪುನೀರು ಸಿಡಿಯುವ ಜಾಗದಲ್ಲಿ ಅದನ್ನು ಕೂರಿಸಿಕೊಂಡು ಬೋಟು ನಡೆಸಿದ ತಾಂಡೇಲ, ನಾಲ್ವರಿಗೂ ಅವರವರ ಪಾಲು ಸಿಗುತ್ತಿತ್ತು.

ಇಷ್ಟೊಂದು ತಿರಸ್ಕಾರವನ್ನು ಅವನು ಎಲ್ಲಿಂದ ತಂದ ಎಂದು ಕೇಳಿದರೆ, ಅದು ಅವನು ಹುಟ್ಟಿದ ಮನೆಯಿಂದಲೇ ಬಂದದ್ದು. ಅಪ್ಪ ಗುಡ್ಡ ಮೊಗವೀರ ದೊಡ್ಡ ಬಲೆಗಾರ. ಆದರೆ ಹಿರಿಮಗ ದೋಣಿ ಹತ್ತಿದರೆ ಹೊಳೆ ಕಡಲು ಸೇರುವ ಅಳಿವೆ ದಾಟುವ ಮೊದಲೇ ಬಗ್ಗಿ ವಾಂತಿ ಮಾಡುತ್ತಿದ್ದ. ಮೊದಲ ಸಲ ಎಲ್ಲರೂ ನಕ್ಕರು. ಹತ್ತನೆಯ ಸಲ ಅಪ್ಪ ಅವನನ್ನು ದಡದಲ್ಲಿ ಇಳಿಸಿ, ಒಂದು ಮಾತೂ ಆಡದೆ ದೋಣಿ ತಿರುಗಿಸಿಕೊಂಡು ಹೋದ. ಆ ದಿನ ಮರಳಿನಲ್ಲಿ ಕುಳಿತ ಹುಡುಗ ಒಂದು ವಿಚಾರ ಮಾಡಿಕೊಂಡ. ಕಡಲು ತನ್ನನ್ನು ಬೇಡವೆಂದಿತು, ಸರಿ; ಹಾಗಾದರೆ ಕಡಲೂ ತನಗೆ ಬೇಡ, ಕಡಲಿಗೆ ಹೋಗುವ ಈ ಗಂಡಸರೂ ಬೇಡ. ಮೂರು ದಿನ ನೀರಿನ ಮೇಲೆ ಅಲೆದು ಬಂದು, ದಡ ಹತ್ತಿದ ಕೂಡಲೇ ಊರು ಗೆದ್ದವರ ಹಾಗೆ ನಡೆಯುವ ಇವರಿಗೆ ಮಂಡೆಯೊಳಗೆ ಎಂಥದ್ದೂ ಇಲ್ಲ ಎನ್ನುವುದು ಹದಿನೈದನೇ ವಯಸ್ಸಿನಲ್ಲೇ ಅವನಿಗೆ ಖಾತ್ರಿಯಾಗಿತ್ತು.

ಆಮೇಲೆ ಮುಂಬಯಿ. ಮೊದಲು ಒಂದು ಹೋಟೆಲಿನಲ್ಲಿ ಕಪ್ಪು ತೊಳೆದ, ಆಮೇಲೆ ಒಬ್ಬ ಮುದುಕನ ರೇಡಿಯೋ ರಿಪೇರಿ ಅಂಗಡಿಯಲ್ಲಿ ನೆಲ ಗುಡಿಸಿದ, ಗುಡಿಸುತ್ತಾ ಗುಡಿಸುತ್ತಾ ಮುದುಕನ ಕೈ ನೋಡಿ ಕೆಲಸ ಕಲಿತ. ತೊಂಬತ್ತೇಳರಲ್ಲಿ ಊರಿಗೆ ಬಂದಾಗ ಅವನ ಪೆಟ್ಟಿಗೆಯಲ್ಲಿ ಎರಡು ಶರ್ಟು, ಒಂದು ಬೆಸುಗೆ ಕಡ್ಡಿ, ಒಂದು ಮೀಟರು. ಮನೆಯವರು ಹೆಣ್ಣು ನೋಡಲು ಶಂಕರನಾರಾಯಣದ ಕಡೆ ಕರೆದುಕೊಂಡು ಹೋದರು. ಆ ಮನೆಯಲ್ಲಿ ಟೀವಿಯ ಮೇಲೆ ಕಸೂತಿ ಬಟ್ಟೆ ಹೊದೆಸಿ, ಅದರ ಮೇಲೆ ಹೂದಾನಿ ಇಟ್ಟಿದ್ದರು. "ಗಾಳಿ ಹೋಪ ಕಂಡಿ ಮುಚ್ಚಿದ್ರಲೆ, ಇದ್ ಸುಟ್ಟ್ ಹೋತ್ತ್. ಟೀವಿ ಸಾಂಕುಕೆ ಬಪ್ಪುದಿಲ್ಲ, ಇನ್ನ್ ಹೆಣ್ಣ್ ಹ್ಯಾಂಗ್ ಸಾಂಕಿದ್ರೋ" ಎಂದು ಹೇಳಿ ಚಾ ಮುಟ್ಟದೆ ಎದ್ದು ಬಂದ. ಮತ್ತೆ ಯಾರೂ ಅವನನ್ನು ಹೆಣ್ಣು ನೋಡಲು ಕರೆಯಲಿಲ್ಲ.

ಅವನು ಮರ್ಯಾದೆಯಿಂದ ಮಾತಾಡುತ್ತಿದ್ದದ್ದು ಇಡೀ ಊರಿನಲ್ಲಿ ಒಬ್ಬಳ ಹತ್ತಿರ, ತಂಗಿ ಜಲಜನ ಹತ್ತಿರ. ಮರ್ಯಾದೆ ಎಂದರೆ ಅವಳಿಗೆ ಬೈಯುವಾಗ ಅವಳ ಮುಖ ನೋಡುತ್ತಿದ್ದ, ಅಷ್ಟೆ. ಜಲಜನ ಗಂಡ ಬಚ್ಚ, ಪದ್ದು ಸಾವ್ಕಾರರ ‘ಕಡಲಕೃಪಾ’ ಬೋಟಿನ ತಾಂಡೇಲ. ಒಳ್ಳೆಯ ಕೆಲಸಗಾರ, ಅಗಲ ಎದೆ, ಯಾರು ಏನು ಹೇಳಿದರೂ ನಂಬುವ ಕಣ್ಣು. ಭಾವ ಅಣ್ಣಯ್ಯನ ಲೆಕ್ಕದಲ್ಲಿ ಆ ಎದೆಗೂ ಆ ಕಣ್ಣಿಗೂ ನಡುವೆ ಮಿದುಳು ಎನ್ನುವುದನ್ನು ಇಡಲು ದೇವರು ಮರೆತಿದ್ದ.

ಬೋಟುಗಳಿಗೆ ವಯರ್‌ಲೆಸ್ ಬಂದದ್ದು ಅದೇ ಹೊತ್ತಿಗೆ. ಅದಕ್ಕೆ ಮೊದಲು ಅಳಿವೆ ದಾಟಿದ ಬೋಟು ಮೂಗ. ಹೋದದ್ದು ಗೊತ್ತು, ಬಂದದ್ದು ಗೊತ್ತು, ನಡುವಿನದ್ದು ಗೊತ್ತಿಲ್ಲ. ಸೆಟ್ಟು ಬಂದ ಮೇಲೆ ತಾಂಡೇಲರು ಅಲ್ಲಿಂದಲೇ ಮನೆಯಲ್ಲಿಟ್ಟ ಸೆಟ್ಟಿಗೆ ಮಾತಾಡತೊಡಗಿದರು. ಎಷ್ಟು ದೂರದಿಂದ ಎಂದು ಮೈಲಿಯಲ್ಲಿ ಯಾರೂ ಹೇಳುವುದಿಲ್ಲ, ನೀರಿನ ಆಳದಲ್ಲಿ ಹೇಳುತ್ತಾರೆ. ಹತ್ತು ಮಾರು ಎಂದರೆ ದಡದ ತೆಂಗು ಕಾಣುವ ನೀರು. ಇಪ್ಪತ್ತು ಮಾರು ಎಂದರೆ ದಡ ಮುಳುಗಿ ಹೋದ ನೀರು. ಮೂವತ್ತು ಮಾರಿನಲ್ಲಿ ಬೋಟು, ಬಲೆ, ಆಕಾಶ ಬಿಟ್ಟರೆ ಬೇರೆ ಇಲ್ಲ. ಅಣ್ಣಯ್ಯ ಎರಡು ಹಾಳು ಸೆಟ್ಟು ಕೂಡಿಸಿ ಒಂದು ಮಾಡಿ ತಂಗಿಯ ಮನೆಯಲ್ಲಿಟ್ಟ, ಅಂಗಳದ ಎತ್ತರದ ತೆಂಗಿನ ಮರಕ್ಕೆ ಆಂಟೆನಾ ಕಟ್ಟಿಸಿದ. ಸಂಜೆ ಆರು ಗಂಟೆಗೆ ಜಲಜ ಅದರ ಮುಂದೆ ಕೂರುವಳು. ಬಚ್ಚ ಮೂವತ್ತು ಮಾರಿನಿಂದ "ಎಲ್ಲ ಸಮ ಇತ್ತ್" ಎನ್ನುವನು. ಅಷ್ಟೇ ಮಾತು. ಎರಡು ಸಾವಿರದ ಒಂದರ ತೂಫಾನಿನಲ್ಲಿ ಬೋಟಿನ ಇಂಜಿನು ನಿಂತು ಹೋದಾಗ, ಆ ಕೂಗು ಜಲಜನಿಗೆ ಕೇಳಿ, ಅವಳು ದಕ್ಕೆಗೆ ಓಡಿ, ಮತ್ತೊಂದು ಬೋಟು ಹೋಗಿ ‘ಕಡಲಕೃಪಾ’ವನ್ನು ಹಗ್ಗ ಕಟ್ಟಿ ಎಳೆದು ತಂದಿತ್ತು. ಅಂದಿನಿಂದ ಆರು ಗಂಟೆಗೆ ಅವಳನ್ನು ಆ ಸೆಟ್ಟಿನ ಮುಂದಿನಿಂದ ಏಳಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಮರುವರ್ಷ ಜುಲೈಯಲ್ಲಿ, ಬೋಟುಗಳೆಲ್ಲ ಮಳೆಗಾಲದ ರಜೆಯಲ್ಲಿ ದಕ್ಕೆಗೆ ಕಟ್ಟಿಕೊಂಡು ನಿಂತಿದ್ದಾಗ, ಬೈಂದೂರಿನ ಕಡೆಯಿಂದ ಸುಧೀರ್ ಎನ್ನುವವನು ಬಂದ. ಕಪ್ಪು ಕನ್ನಡಕ, ಬಿಳಿ ಪ್ಯಾಂಟು, ಮಾತಿಗೊಮ್ಮೆ ಹಿಂದಿ. ದಕ್ಕೆಗೆ ಬಿಳಿ ಪ್ಯಾಂಟು ಹಾಕಿ ಬಂದವನ ಬುದ್ಧಿಯ ಬಗ್ಗೆ ಅಣ್ಣಯ್ಯನಿಗೆ ಆಗಲೇ ಒಂದು ಅಂದಾಜು ಸಿಕ್ಕಿತ್ತು. ಸುಧೀರನ ಕೈಯಲ್ಲಿ ಒಂದು ಆಂಟೆನಾ, ಅದರ ಬುಡದಲ್ಲಿ, ನಡುವಿನಲ್ಲಿ, ತುದಿಯಲ್ಲಿ ಮೂರು ಕೆಂಪು ಬಲ್ಬು.

ಮುಸ್ಸಂಜೆಯ ಹೊತ್ತಿಗೆ ಅವನು ಅದನ್ನು ಒಂದು ಬೋಟಿನ ಸೆಟ್ಟಿಗೆ ಸಿಕ್ಕಿಸಿದ. "ಬ್ಯಾಟರಿ ಇಲ್ಲ, ಬಲ್ಬಿಗೆ ಬೇರೆ ವಯರ್ ಇಲ್ಲ, ಏಕ್‌ದಂ ಖಾಲಿ ಕೋಲ್. ಕಾಣಿ!" ಎಂದು ಮೈಕಿನ ಗುಂಡಿ ಒತ್ತಿ "ಹಲೋ" ಎಂದ. ಮೂರೂ ಬಲ್ಬು ಕೆಂಪಗೆ ಹೊತ್ತಿಕೊಂಡವು. ಗುಂಡಿ ಬಿಟ್ಟ, ಆರಿದವು. "ಇದ್ ನಿಮ್ಮ್ ಮಾತಿನ ಪವರ್. ಗಾಳೀಲಿ ಹೋಪುದ್ ಕಣ್ಣಿಗ್ ಕಾಂತಾ? ನನ್ನ್ ಆಂಟೆನಾದಲ್ ಕಾಂತ್ತ್!"

ದಕ್ಕೆಯ ಜನ ಬಾಯಿ ಬಿಟ್ಟುಕೊಂಡು ನಿಂತರು. ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ಹುಟ್ಟಿದಾಗಿನಿಂದ ಅವರು ಮೀನಿನ ಯೋಗ್ಯತೆ ಅಳೆದದ್ದು ಅದರ ಕಣ್ಣಿನಿಂದ. ಕಣ್ಣು ಹೊಳೆದರೆ ತಾಜಾ, ಮಬ್ಬಾದರೆ ಹಳಸಲು. ಹರಾಜಿನಲ್ಲಿ ಕೈಯಲ್ಲಿ ಮುಟ್ಟದೆ, ಮೂಸದೆ, ಬುಟ್ಟಿಯ ಮೇಲೆ ಒಂದು ನೋಟ ಹರಿಸಿ ಕೂಗುವ ಜನ. ಅದೇ ನೋಟವನ್ನು ಅವರು ಆಂಟೆನಾದ ಮೇಲೂ ಹರಿಸಿದರು. ಹೊಳೆಯುತ್ತದೆ, ಹಾಗಾದರೆ ಒಳ್ಳೆಯದು. ಪದ್ದು ಸಾವ್ಕಾರರು ಎಲ್ಲರಿಗಿಂತ ಮೊದಲು, "ನಮ್ಮ್ ಬೋಟಿಗ್ ಒಂದ್ ಹಾಕ್ ಮಾರಾಯಾ" ಎಂದರು. ಹದಿನೈದು ದಿನದಲ್ಲಿ ಅರ್ಧ ದಕ್ಕೆಯ ಮೇಲೆ ಕೆಂಪು ಬಲ್ಬು.

ಸಾವ್ಕಾರರು ಹಾಕಿಸಿಕೊಂಡ ಮೇಲೆ ಅಣ್ಣಯ್ಯನ ಅಂಗಡಿಗೆ ಬಂದು ಕೇಳಿದರು. "ಹ್ಯಾಂಗಿತ್ತ್ ಅಣ್ಣಯ್ಯ, ಸುಧೀರನ ಆಂಟೆನಾ?"

"ಲಾಯ್ಕ್ ಇತ್ತ್. ಮದಿ ಚಪ್ಪರಕ್ಕ್ ಕಟ್ಟಿ."

"ಅಲ್ದಾ ಮತ್ತೆ, ಕಾಂಬುಕೆ ಎಷ್ಟ್ ಚಂದ!" ಎಂದು ಸಾವ್ಕಾರರು ಖುಷಿಯಿಂದಲೇ ಎದ್ದು ಹೋದರು. ಮದುವೆ ಚಪ್ಪರದ ಅಲಂಕಾರಕ್ಕೇ ಸರಿ ಎಂದು ಬೈದದ್ದು ಕೂಡ ಅರ್ಥವಾಗದವರಿಗೆ ಬೇರೆ ಏನು ಹೇಳುವುದು? ಆ ಕೋಲಿನ ಅಳತೆಯೇ ತಪ್ಪು. ಬಲ್ಬು ಜೋರಾಗಿ ಹೊತ್ತಲಿ ಎಂದು ಅದನ್ನು ಗಿಡ್ಡ ಕತ್ತರಿಸಿದ್ದಾನೆ. ಸೆಟ್ಟು ಕಷ್ಟಪಟ್ಟು ಕಳಿಸುವ ಶಕ್ತಿಯಲ್ಲಿ ಒಂದು ಪಾಲನ್ನು ಬಲ್ಬು ತಿನ್ನುತ್ತದೆ, ಅಳತೆ ತಪ್ಪಿದ ಕೋಲು ಮತ್ತೊಂದು ಪಾಲನ್ನು ಸೆಟ್ಟಿಗೇ ಹಿಂದಕ್ಕೆ ನೂಕುತ್ತದೆ, ಉಳಿದ ಚೂರುಪಾರು ಕಡಲಿಗೆ. ಇದನ್ನೆಲ್ಲ ಬಿಡಿಸಿ ಹೇಳಬಹುದಿತ್ತು. ಆದರೆ ಅಣ್ಣಯ್ಯ ಜೀವಮಾನದಲ್ಲಿ ಯಾರಿಗೂ ಯಾವುದನ್ನೂ ಬಿಡಿಸಿ ಹೇಳಿದವನಲ್ಲ. ಹ್ಞುಂ ಎಂದ, ಬೆಸುಗೆ ಕಡ್ಡಿ ಬಿಸಿಗಿಟ್ಟ. ಜನ, "ಹೊಟ್ಟೆಕಿಚ್ಚ್ ಅವ್ನಿಗೆ" ಎಂದರು.

ಬೋಟು ಹೊರಡಲು ಒಂದು ವಾರ ಇರುವಾಗ ಜಲಜ ಅಂಗಡಿಗೆ ಬಂದಳು. ಒಳಗೆ ಬಂದವಳು ಕೂರಲಿಲ್ಲ.

"ಅಣ್ಣ, ನಮ್ಮ್ ಬೋಟಿಗೂ ಆ ಲೈಟಿನ ಆಂಟೆನಾ ಹಾಕಿದ್ರ್. ನಿನ್ನೆ ಅವ್ರ್ ಅಳಿವೆ ಹತ್ರದಿಂದ ಮಾತಾಡ್ರ್, ನಂಗ್ ದನಿ ಸಣ್ಣ ಕೇಂತ್. ಇಲ್ಲಿಂದ ಅಲ್ಲಿಗೇ ಸಣ್ಣ ಆರೆ, ಮೂವತ್ತ್ ಮಾರಿಗ್ ಹೋರೆ ಎಂತ ಕೇಂತ್ತ್?"

"ಎಂತದೂ ಕೇಂತಿಲ್ಲ."

"ಹಾಂಗಾರೆ ಹೇಳ್ ಅವ್ರಿಗೆ."

"ಮರ್ಲ್ ಹಿಡ್ದವ್ರಿಗೆ ಎಂತ ಹೇಳುದ್ ಹೆಣೆ? ಹೇಳಿರೆ ತಿಳಿತ್ತಾ ಆ ಬಚ್ಚನಿಗೆ?"

"ತಿಳಿತ್ತೋ ಇಲ್ಲ್ಯೋ. ಹೋದ್ ವರ್ಷ ನಾನ್ ಕೇಂಡದ್ದಕ್ಕೆ ಅವ್ರ್ ಮನಿಗ್ ಬಂದ್ರ್. ಈ ವರ್ಷ ಕೇಂದೇ ಇದ್ರೆ?" ಅಷ್ಟು ಹೇಳಿ ಅವಳು ಹೊರಟುಹೋದಳು. ಅಣ್ಣಯ್ಯನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಸುಮ್ಮನೆ ಹೊಗೆಯಾಡುತ್ತಾ ಉಳಿಯಿತು.

ಮಾತಿನಲ್ಲಿ ಹೇಳುವುದು ಅವನಿಗೆ ಬರುವುದಿಲ್ಲ. ತೋರಿಸುತ್ತೇನೆ ಎಂದುಕೊಂಡ. ಬೆಳಕಿಗೆ ಮರುಳಾದವರಿಗೆ ಬೆಳಕಿನಿಂದಲೇ ಬುದ್ಧಿ ಕಲಿಸಬೇಕು. ಒಂದು ಹಳೆ ಸ್ಕೂಟರಿನ ಹೆಡ್‌ಲೈಟ್ ಬಲ್ಬು ಕಿತ್ತು, ಅದರ ಎರಡು ಕಾಲಿಗೆ ಚೋಟುದ್ದದ ವಯರು ಬೆಸೆದು, ಸೆಟ್ಟು ಹೊತ್ತುಕೊಂಡು ದಕ್ಕೆಗೆ ಹೋದ. ಮೋಡ ಕವಿದ ಸಂಜೆ, ಬಲೆ ಹೆಣೆಯುತ್ತಿದ್ದವರು ಇನ್ನೂ ಎದ್ದಿರಲಿಲ್ಲ.

"ಹ್ವಾಯ್, ಎಲ್ರೂ ಇಲ್ಲ್ ಬನ್ನಿ! ಬೆಳ್ಕ್ ಬೇಕಲ್ದಾ ನಿಮ್ಗೆ? ನಾನ್ ಕೊಡ್ತೆ ಬೆಳ್ಕ್!"

ಅಣ್ಣಯ್ಯ ತಾನಾಗಿ ಕರೆದದ್ದು ಅದೇ ಮೊದಲು, ಹಾಗಾಗಿ ಜನ ಓಡಿಯೇ ಬಂದರು. ಸಾವ್ಕಾರರು ಬಂದರು, ಬಚ್ಚ ಬಂದ, ಐಸ್ ಪ್ಲಾಂಟಿನ ಕಿಟ್ಟ ಕೈ ಒರೆಸಿಕೊಳ್ಳುತ್ತಾ ಬಂದ, ಸುಧೀರನೂ ಕನ್ನಡಕ ಹಣೆಗೇರಿಸಿಕೊಂಡು ಬಂದ. ಅಣ್ಣಯ್ಯ ಸೆಟ್ಟಿನಿಂದ ಆಂಟೆನಾದ ಕೇಬಲನ್ನು ಎಲ್ಲರಿಗೂ ಕಾಣುವ ಹಾಗೆ ಕಿತ್ತು ನೆಲಕ್ಕೆ ಒಗೆದ. ಆ ತೂತಿಗೆ ಹೆಡ್‌ಲೈಟ್ ಬಲ್ಬನ್ನು ನೇರವಾಗಿ ಸಿಕ್ಕಿಸಿದ. ಗುಂಡಿ ಒತ್ತಿದ.

ಬಲ್ಬು ಧಗ್ಗನೆ ಹೊತ್ತಿತು. ಸುಧೀರನ ಮೂರು ಕೆಂಪು ಬಲ್ಬುಗಳು ಅದರ ಮುಂದೆ ಮೂರು ಬೀಡಿ ತುಂಡುಗಳಾದವು. ಸಾವ್ಕಾರರ ಹಲ್ಲಿನ ಎಲೆಯಡಿಕೆಯ ಕಲೆ ಕೂಡ ಕಂಡಿತು.

"ಕಂಡ್ರ್ಯಾ? ಇದಕ್ಕೆ ಆಂಟೆನಾವೇ ಇಲ್ಲ! ಇದ್ರಲ್ ಮಾತಾಡಿರೆ ಐಸ್ ಪ್ಲಾಂಟಿನ ಆಚಿ ಬದಿಗೂ ಹೋತಿಲ್ಲ. ಇಲ್ಲ್ ಹೊತ್ತಿದ್ದ್ ಅಲ್ಲಿಗ್ ಹೋತಿಲ್ಲ. ಈಗ ಹೊಕ್ಕ್ತಾ ಮಂಡಿಗೆ?"

ಎಲ್ಲರ ಕಣ್ಣೂ ಬಲ್ಬಿನ ಮೇಲೆ ನೆಟ್ಟಿತು. ಕೊನೆಗೂ ಇವರ ಮಂಡೆಗೆ ಹೊಕ್ಕಿತು ಎಂದು ಅಣ್ಣಯ್ಯನಿಗೆ ಅನಿಸಿದ್ದು ಆ ಒಂದು ಕ್ಷಣ ಮಾತ್ರ. ಸಾವ್ಕಾರರು ಮುಂದೆ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು.

"ಅಣ್ಣಯ್ಯ, ನೀನ್ ಇಷ್ಟ್ ಬುದ್ವಂತ ಅಂದೇಳಿ ನಂಗ್ ಗೊತ್ತಿರ್ಲಿಲ್ಲ ಮಾರಾಯಾ. ಆಂಟೆನಾ ಇಲ್ದೇ ಇಷ್ಟ್ ಬೆಳ್ಕ್! ಇನ್ನ್ ಆಂಟೆನಾ ಹಾಕಿರೆ ಎಷ್ಟ್ ಬರೂಕಿಲ್ಲ! ಸುಧೀರನದ್ದ್ ತೆಗ್ದ್ ಬಿಡ್ತೆ. ನಂಗ್ ನಿಂದೇ ಹಾಕ್."

"ನಂಗೂ ಒಂದ್!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಅಣ್ಣಯ್ಯ, ನಮ್ಮಲ್ಲ್ ಕರೆಂಟ್ ಹೋಪತಿಗೆ ಇದೇ ಸೆಟ್ಟ್ ಇಟ್ಟ್ರೆ ಆತಾ?" ಎಂದು ಕಿಟ್ಟ ನಿಜವಾಗಿಯೂ ಕೇಳಿದ.

ಸುಧೀರ್ ಚಪ್ಪಾಳೆ ತಟ್ಟಿದ. "ಶಾಭಾಸ್! ನನ್ನ್ ಕಂಡೇ ಕಲ್ತದ್ದಲ್ದಾ ಅಣ್ಣಯ್ಯ? ಇರ್ಲಿ, ಇರ್ಲಿ."

ಅಣ್ಣಯ್ಯನ ಕಣ್ಣು ಗುಂಪಿನಲ್ಲಿ ಹುಡುಕಿ ನಿಂತದ್ದು ಬಚ್ಚನ ಮೇಲೆ. ಬಚ್ಚ ಬೆಳಕನ್ನೇ ನೋಡುತ್ತಾ ನಗುತ್ತಿದ್ದ. "ಹಲ್ಲ್ ಕಾಣ್ಸ್ತಾ ನಿಂತಿದ್ಯಲಾ, ನಾಳಿ ಮುಳುಗುವತಿಗೆ ಇದೇ ಹಲ್ಲ್ ಕಾಣ್ಸ್! ನನ್ನ್ ತಂಗಿನ ತಕಂಡ್ ಹೋಯ್ ಒಂದ್ ಕಂಬಕ್ಕ್ ಕಟ್ಟಿರೂ ಆತಿತ್ತ್, ಕಂಬಕ್ಕೆ ಇದಕ್ಕಿಂತ ಬುದ್ಧಿ ಇರತ್ತ್!"

ಬಚ್ಚನ ನಗು ಹಾಗೇ ಒಣಗಿತು. ನಲವತ್ತು ಜನರ ಮುಂದೆ, ಅವನ ಕೈಕೆಳಗಿನ ಕಲಾಸಿಗಳ ಮುಂದೆ ಆಡಿದ ಮಾತು. "ಆಯ್ತ್ ಬಾವ," ಎಂದ, ಮೆಲ್ಲಗೆ. "ನಾನ್ ಕಂಬವೇ. ಕಂಬದ ಮೇಲೆ ಲೈಟ್ ಇರ್ಲಿ ಬಿಡಿ. ನಾನ್ ಸುಧೀರನದ್ದನ್ನೇ ಹಾಕಂಡ್ ಹೋತೆ." ತಿರುಗಿ ನಡೆದ.

ಆ ಸಂಜೆಯೇ ಜಲಜ ಅಣ್ಣನ ಮನೆಯ ಜಗಲಿಗೆ ಬಂದಳು. ಬೈಯುತ್ತಾಳೆ ಎಂದು ಅಣ್ಣಯ್ಯ ಕಾದ. ಅವಳ ದನಿ ಏರಲೇ ಇಲ್ಲ.

"ನೀನ್ ಹೇಳದ್ದ್ ಸಮ. ಅದ್ ನಂಗೆ ಗೊತ್ತಿತ್ತ್. ಆದ್ರೆ ನಿನ್ನ್ ಬಾಯಿಂದ ಬಂದ್ರೆ ಸಮ ಇದ್ದದ್ದೂ ಕಾಲ್ ಕಸ ಆತ್ತಲೆ ಅಣ್ಣ. ನಾಡಿದ್ದ್ ಬೋಟ್ ಟ್ರಯಲಿಗೆ ಹೋತ್ತ್, ಇಪ್ಪತ್ತ್ ಮಾರಿನ ತನಕ. ನೀನ್ ಅದ್ರಲ್ ಹೋಗ್. ನಾನ್ ಇಲ್ಲ್ ಸೆಟ್ಟಿನ ಎದ್ರ್ ಕೂಕಂತೆ. ಅವ್ರ್ ಕಣ್ಣಿಗ್ ಕಾಣ್ಸ್ಬ್ಯಾಡ. ಕಿವಿಗ್ ಕೇಂಬ ಹಾಂಗ್ ಮಾಡ್."

"ನಾನಾ? ಬೋಟಿಗಾ?"

"ನೀನೇ. ನಾನ್ ಹೋರೆ ಇಲ್ಲ್ ಕೇಂಬುದ್ ಯಾರ್?"

ಅಣ್ಣಯ್ಯ ಬೋಟಿನ ಒಳಗೆ ಕೆಲಸ ಮಾಡಿದ್ದ, ಆದರೆ ಅದು ದಕ್ಕೆಗೆ ಹಗ್ಗ ಕಟ್ಟಿದ ಬೋಟು. ಅಳಿವೆಯ ಆಚೆ ಕಾಲಿಟ್ಟು ಇಪ್ಪತ್ತೈದು ವರ್ಷ ದಾಟಿತ್ತು. ಮೂರನೆಯ ದಿನ ಬೆಳಿಗ್ಗೆ ಅವನು ಒಂದು ಉದ್ದದ ಬೋಳು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ‘ಕಡಲಕೃಪಾ’ ಹತ್ತಿದಾಗ ಕಲಾಸಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಚ್ಚ ಚುಕ್ಕಾಣಿ ಹಿಡಿದು ಮುಂದೆ ನೋಡುತ್ತಲೇ, "ಬಾವ ಗಾಳಿ ತಿಂಬುಕ್ ಬಂದದ್ದಾ?" ಎಂದ. ಅಣ್ಣಯ್ಯ ಬೋಟಿನ ಅಂಚು ಹಿಡಿದುಕೊಂಡ. ಉತ್ತರ ಕೊಡಲು ಬಾಯಿ ತೆರೆದರೆ ಬೇರೆ ಏನಾದರೂ ಬರುತ್ತದೆ ಎಂಬ ಹೆದರಿಕೆ ಆಗಲೇ ಹುಟ್ಟಿತ್ತು.

ಅಳಿವೆಯ ಮೊದಲ ಅಲೆಗೇ ಅವನು ಬದಿಗೆ ಬಗ್ಗಿದ. ಎರಡನೆಯದಕ್ಕೆ ಬೆಳಗಿನ ಗಂಜಿ ಹೋಯಿತು. ಕಲಾಸಿಗಳು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಬಿಟ್ಟೇ ನಕ್ಕರು. ಊರಿಗೆಲ್ಲ ಮೂಗು ಮುರಿದವನು ಬೋಟಿನ ಅಂಚಿಗೆ ಒದ್ದೆ ಬಟ್ಟೆಯ ಹಾಗೆ ನೇತು ಬಿದ್ದಿದ್ದ. ‘ನಗಿ, ನಗಿ, ಈ ಉಪ್ಪುನೀರನ್ನು ಕಡಲು ಎಂದು ಪೂಜೆ ಮಾಡುವ ಮಂಗಗಳಾ’ ಎಂದು ಮನಸ್ಸಿನೊಳಗೇ ಬೈದುಕೊಂಡ. ಬೈಗುಳ ಪೂರ್ತಿಯಾಗುವ ಮೊದಲು ಮತ್ತೆ ಬಗ್ಗಬೇಕಾಯಿತು.

ಎಂಟು ಮಾರಿನಲ್ಲಿ ಬಚ್ಚ ಗುಂಡಿ ಒತ್ತಿ ಕೂಗಿದ. ಮೇಲೆ ಮೂರು ಬಲ್ಬು ಹಗಲಿನ ಮೋಡದಲ್ಲೂ ಕೆಂಪಗೆ ಹೊತ್ತಿದವು. "ಕೇಂತ್, ಸಣ್ಣ ಕೇಂತ್" ಎಂದು ಜಲಜನ ದನಿ ಬಂತು. ಬಚ್ಚ ಭಾವನ ಕಡೆ ತಿರುಗಿ ಹುಬ್ಬು ಏರಿಸಿದ. ಹನ್ನೆರಡು ಮಾರಿನಲ್ಲಿ, "ಎಂತ ಹೇಳ್ತ್ರಿ? ತುಂಡ್ ತುಂಡ್ ಬತ್ತ್." ಹದಿನೈದು ಮಾರಿನಲ್ಲಿ ಬಚ್ಚ ಮೂರು ಸಲ ಕೂಗಿದ. ಬಲ್ಬು ಮೂರು ಸಲವೂ ಚಂದವಾಗಿ ಹೊತ್ತಿ ಆರಿತು.

ಸೆಟ್ಟಿನಿಂದ ಜಲಜನ ದನಿ, ಪಕ್ಕದಲ್ಲೇ ಕುಳಿತ ಹಾಗೆ, ಸ್ಪಷ್ಟ: "ಹಲೋ. ಆರೂ ಮಾತಾಡ್ತಿಲ್ಯಲೆ. ಹ್ವಾಯ್, ಇದ್ರ್ಯಾ?"

"ಇದ್ದೆ, ಇದ್ದೆ! ಹದಿನೈದ್ ಮಾರಲ್ಲಿದ್ದೆ!" ಬಚ್ಚ ಕೂಗಿದ.

"ಹಲೋ? ಕೇಂತಿಲ್ಲ. ಮಾತಾಡಿ. ಎಲ್ಲಿದ್ರಿ?"

"ಇಲ್ಲೇ ಇದ್ದೆ ಹೆಣೆ! ನಂಗ್ ಕೇಂತ್, ನಿಂಗ್ ಕೇಂತಿಲ್ಯಾ?"

"ಹಲೋ... ಮಾತಾಡಿ ಕಾಂಬ. ಒಂದ್ ಸಲ ಮಾತಾಡಿ."

ಬಚ್ಚ ಮತ್ತೆ ಕೂಗಿದ. ಮತ್ತೆ ಬಲ್ಬು ಹೊತ್ತಿತು. ಕಲಾಸಿಗಳ ನಗು ನಿಂತು ಬಹಳ ಹೊತ್ತಾಗಿತ್ತು. ಒಬ್ಬ ಕತ್ತೆತ್ತಿ ಆ ಕೆಂಪು ಬೆಳಕನ್ನು ನೋಡಿದ, ಮತ್ತೆ ಸೆಟ್ಟನ್ನು ನೋಡಿದ. ಟ್ರಯಲು ಎಂದು ಗೊತ್ತಿದ್ದರೂ, ಹಾಡುಹಗಲಾದರೂ, ಅವಳ ದನಿಯಲ್ಲಿ ಕಳೆದ ವರ್ಷದ ತೂಫಾನು ಮೆಲ್ಲಗೆ ಸೇರಿಕೊಳ್ಳುತ್ತಿರುವುದು ಎಲ್ಲರಿಗೂ ಕೇಳುತ್ತಿತ್ತು.

"ಅವ್ಳ್ ಹೇಳುದ್ ನಂಗ್ ಇಷ್ಟ್ ಲಾಯ್ಕ್ ಕೇಂತ್ತಲೆ ಬಾವ," ಬಚ್ಚ ತಿರುಗಿದ. ಮುಖ ಬಿಳುಚಿತ್ತು. "ನಂದ್ ಎಂತಕ್ ಹೋತಿಲ್ಲ?"

ಅಣ್ಣಯ್ಯ ಬಾಯಿ ಒರೆಸಿಕೊಂಡು ಎದ್ದು ನಿಂತ. ನಾಲಿಗೆಯ ತುದಿಯಲ್ಲಿ ಕಂಬ, ಮಂಗ, ಬುರುಡೆ ಎಲ್ಲ ಸಾಲಾಗಿ ನಿಂತಿದ್ದವು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಅವುಗಳನ್ನು ನುಂಗಿದ. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲವಾದ್ದರಿಂದ ಜಾಗವೂ ಇತ್ತು.

"ಕೇಣ್ ಬಚ್ಚ. ನೀನ್ ಕೇಂಬತಿಗೆ ಬಲ್ಬ್ ತಣ್ಣಗಿರತ್ತ್. ಅದಕ್ಕೆ ಅವ್ಳ್ ದನಿ ಒಳಗ್ ಬತ್ತ್. ನೀನ್ ಮಾತಾಡುವತಿಗೆ ಬಲ್ಬ್ ಬಿಸಿ ಆತ್ತ್. ಆ ಬಿಸಿ ಎಲ್ಲಿಂದ ಬಂತ್? ನಿನ್ನ್ ಮಾತಿಂದ. ನಿನ್ನ್ ಮಾತ್ ಸುಟ್ಟೇ ಅದ್ ಹೊತ್ತುದ್. ಆ ಕೋಲ್ ಬೇರೆ ಗಿಡ್ಡ ಇತ್ತ್, ಉಳ್ದದ್ದನ್ನ ಸೆಟ್ಟಿಗೇ ವಾಪಸ್ ದೂಡತ್ತ್. ಮನಿಗ್ ಹೋಪುಕೆ ಎಂತ ಉಳಿತ್ತ್?"

ಅವನು ಇಷ್ಟು ಉದ್ದ ಮಾತಾಡಿದ್ದನ್ನು ಬಚ್ಚ ಕೇಳಿರಲೇ ಇಲ್ಲ. ಚುಕ್ಕಾಣಿಯನ್ನು ಕಲಾಸಿಯ ಕೈಗೆ ಕೊಟ್ಟು, ತಾನೇ ಕ್ಯಾಬಿನ್ನಿನ ಮಾಡು ಹತ್ತಿದ. ಅಲ್ಲಾಡುವ ಬೋಟಿನಲ್ಲಿ ಭಾವನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡ. ಬಚ್ಚ ಸೊಂಟ ಹಿಡಿದ, ಭಾವ ಬೋಲ್ಟು ಬಿಚ್ಚಿದ. ಅಣ್ಣಯ್ಯ ಎರಡು ಸಲ ಅಲ್ಲಿಂದಲೇ ಕಡಲಿಗೆ ಬಗ್ಗಿದ, ಬಚ್ಚ ಎರಡು ಸಲವೂ ಅವನ ಶರ್ಟಿನ ಕಾಲರು ಬಿಡಲಿಲ್ಲ. ಬೋಳು ಕೋಲು ನಿಂತಿತು. ಅದು ಹೊಳೆಯಲಿಲ್ಲ, ಮಿಣುಕಲಿಲ್ಲ, ಕೊಡೆ ಮಡಿಸಿಟ್ಟಷ್ಟೂ ಚಂದ ಕಾಣಲಿಲ್ಲ.

ಇಪ್ಪತ್ತು ಮಾರಿನಲ್ಲಿ ಬಚ್ಚ ಗುಂಡಿ ಒತ್ತಿದ. ದನಿ ಕೂಗಲಿಲ್ಲ, ಹೆದರಿಕೊಂಡವನ ಹಾಗೆ ಮೆಲ್ಲಗೇ ಬಂತು. "ಜಲಜ, ಕೇಂತಾ?"

"ಕೇಂತ್! ಲಾಯ್ಕ್ ಕೇಂತ್! ಎಲ್ಲಿದ್ರಿ?"

"ಇಪ್ಪತ್ತ್ ಮಾರಲ್ಲಿ."

"ಅಣ್ಣ ಹ್ಯಾಂಗಿದ್ದ?"

ಬಚ್ಚ ಮಾಡಿನ ಮೇಲೆ ಅಂಗಾತ ಬಿದ್ದಿದ್ದ ಭಾವನನ್ನು ನೋಡಿದ. "ಬದ್ಕಿದ್ರ್" ಎಂದ.

ಆ ಆಗಸ್ಟಿನಲ್ಲಿ ‘ಕಡಲಕೃಪಾ’ ಬೋಳು ಕೋಲು ಹೊತ್ತು ಹೋಯಿತು. ಸಾವ್ಕಾರರು ಮುಖ ಸಿಂಡರಿಸಿದರು, ಬೋಟು ವಿಧವೆಯ ಹಾಗೆ ಕಾಣುತ್ತದೆ ಎಂದರು. ಬಚ್ಚ, "ಸಾವ್ಕಾರ್ರೆ, ಲೈಟ್ ಬೇಕಾರೆ ಮನಿ ಎದ್ರ್ ಹಾಕಂಣಿ" ಎಂದ. ಉಳಿದ ಬೋಟುಗಳು ಕೆಂಪು ಬಲ್ಬಿನಲ್ಲೇ ಹೋದವು. ನಾಲ್ಕನೆಯ ದಿನದಿಂದ ಆ ಬೋಟಿನವರ ಹೆಂಡಂದಿರು ಒಬ್ಬೊಬ್ಬರೇ ಆರು ಗಂಟೆಗೆ ಜಲಜನ ಮನೆಗೆ ಬರತೊಡಗಿದರು. "ನಮ್ಮ್ ಸೆಟ್ಟಲ್ ಬರೀ ಕರಕರ. ನಿನ್ನ್ ಗಂಡನ ಹತ್ರ ಕೇಣ್ ಜಲಜಕ್ಕ, ನಮ್ಮ ಮನೆಯವ್ರ್ ಕಂಡ್ರಾ ಅಂದೇಳಿ." ಹತ್ತನೆಯ ದಿನಕ್ಕೆ ಅವಳ ಜಗಲಿ ಮೀನು ಮಾರ್ಕೆಟ್ಟಿನ ಹಾಗಿತ್ತು. ಬೋಟುಗಳು ದಡಕ್ಕೆ ಬಂದ ಮೇಲೆ ಗಂಡಸರು ಅಣ್ಣಯ್ಯನ ಅಂಗಡಿಗೆ ಬಂದದ್ದು ತಿಳಿವಳಿಕೆ ಬಂದದ್ದರಿಂದಲ್ಲ, ಮನೆಯಲ್ಲಿ ಬೈಗುಳ ತಿಂದದ್ದರಿಂದ. ಅಣ್ಣಯ್ಯನಿಗೆ ಅದು ಗೊತ್ತಿತ್ತು. ಕತ್ತೆತ್ತದೆಯೇ ಕೋಲು ಅಳೆದು ಕೊಟ್ಟ. ಸುಧೀರ್ ಆ ಹೊತ್ತಿಗೆ ಬೇರೆ ಬಂದರಿಗೆ ಹೋಗಿದ್ದ, ಅಲ್ಲೂ ಮೀನಿನ ಕಣ್ಣು ನೋಡುವ ಜನರೇ ಇದ್ದರಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನುಷ್ಯರ ಮೇಲೆ ಅಣ್ಣಯ್ಯ ಇಟ್ಟಿದ್ದ ಅಭಿಪ್ರಾಯ ಸುಳ್ಳಾಗಲು ಮನುಷ್ಯರು ಬಿಡಬೇಕಲ್ಲ. ಮರುವರ್ಷ ರಜೆಯಲ್ಲಿ ಸಾವ್ಕಾರರು ಬಂದು, "ಮಾತಿಗೆ ನಿನ್ನ್ ಕೋಲೇ ಇರ್ಲಿ. ಬದಿಯಲ್ ಒಂದ್ ಸುಳ್ಳ್ ಕೋಲ್ ನಿಲ್ಸ್, ಅದಕ್ಕ್ ಬ್ಯಾಟರಿಯಿಂದ ಲೈಟ್ ಕೊಡ್" ಎಂದರು. ಅಣ್ಣಯ್ಯ ಅವರ ಇನ್ನೊಂದು ಬೋಟಿಗೆ ಹಾಕಿಕೊಟ್ಟ. ಅದನ್ನು ಕಂಡು ಉಳಿದವರು ಬಂದರು. ದಕ್ಕೆಯ ತುಂಬ ಎರಡೆರಡು ಕೋಲು, ಒಂದು ಮಾತಾಡುವುದು, ಒಂದು ಹೊಳೆಯುವುದು. ಪ್ರತಿಯೊಂದಕ್ಕೂ ಅವನು ಒಂದೊಂದು ಹ್ಞುಂ ಸೇರಿಸಿಯೇ ಬೋಲ್ಟು ಬಿಗಿದ.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಬಚ್ಚ ಬಂದು ನಿಂತ. ಹಿಂದೆ ಜಲಜ. ಬಚ್ಚ ಕಾಲಿನಿಂದ ಕಾಲಿಗೆ ಭಾರ ಬದಲಿಸಿದ.

"ಎಂತ?"

"ಎಂತ ಇಲ್ಲ ಬಾವ. ಎಲ್ಲಾ ಬೋಟಿಗೂ ಲೈಟ್ ಇತ್ತ್. ನಮ್ದ್ ಒಂದೇ ಬೋಳ್. ಕಲಾಸಿಗಳ್ ನೆಗಾಡ್ತ್ರ್."

ಅಣ್ಣಯ್ಯ ಬೆಸುಗೆ ಕಡ್ಡಿ ಕೆಳಗಿಟ್ಟ. ಹದಿನೈದು ಮಾರಿನಲ್ಲಿ ಹೆಂಡತಿಯ ಕೂಗಿಗೆ ಉತ್ತರ ಕೊಡಲಾಗದೆ ಬಿಳುಚಿದ ಮುಖ ಇದೇ. ತನ್ನ ಕಾಲರು ಹಿಡಿದು ಬಿಡದೆ ನಿಂತ ಕೈ ಇದೇ. ಈಗ ಲೈಟು ಬೇಕಂತೆ. ಇವನಿಗೆ, ಈ ಅಗಲ ಎದೆಯ ಕಂಬಕ್ಕೆ! ಊರಿನ ಎಲ್ಲರಿಗೂ ಸೇರಿಸಿ ಹೇಳಬಹುದಾದಂಥ ಒಂದು ಮಾತು ಅವನ ಗಂಟಲಿನವರೆಗೆ ಬಂತು.

ಜಲಜ ಗಂಡನ ಹಿಂದಿನಿಂದ ಇಣುಕಿದಳು. "ಹಾಕ್ ಅಣ್ಣ. ಮೂವತ್ತೆರ್ಡ್ ಮಾರಿಂದ ನಂಗ್ ಕೇಂತಲೆ, ಅಷ್ಟ್ ಸಾಕ್. ಹೊಳ್ಕಂಡ್ ಹೋಯ್ಲಿ."

ಅಣ್ಣಯ್ಯ ಇಬ್ಬರನ್ನೂ ಕತ್ತೆತ್ತಿ ನೋಡಿದ. ಆಮೇಲೆ ಬಲ್ಬಿನ ಡಬ್ಬಿ ಎಳೆದು, ಒಳಗೆ ಬೆರಳಾಡಿಸಿದ.

"ಕೆಂಪಾ, ಹಸ್ರಾ?" ಎಂದು ಕೇಳಿದ.